ಗೂಡ್ಸ್ ಗಾಡಿಗೆ ದಾರಿ ಬಿಟ್ಟು

ಇಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟ ನಮ್ಮ ರೈಲು ಅಣ್ಣಿಗೇರಿಯಲ್ಲಿ ಗೂಡ್ಸ್ ಗಾಡಿಯೊಂದಕ್ಕೆ ದಾರಿ ಬಿಟ್ಟು ನಿಂತಾಗ, ಅದರ ಡಬ್ಬಿಗಳನ್ನು ಎಣಿಸುತ್ತ ಕುಳಿತಿದ್ದ ನನಗೆ ಎಂದಿನ ಸಿಟ್ಟು ಬರಲಿಲ್ಲ. ನಮ್ಮ ಅಗ್ಗದ ಟಿಕೆಟ್ಟಿನ ನಷ್ಟವನ್ನು ತುಂಬಿಕೊಡುವುದು ಆ ಸರಕಿನ ಬಾಡಿಗೆಯೇ ಅಲ್ಲವೇ. ಆದರೆ ಹೀಗೆ ಸರಕಿನ ಮೇಲೆಯೇ ಭಾರ ಹೊರಿಸಿದರೆ ರೈಲುಬಾಡಿಗೆ ದುಬಾರಿಯಾಗಿ, ವ್ಯಾಪಾರಿ ಲಾರಿಯನ್ನೇ ಹುಡುಕುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡು ಹೆದ್ದಾರಿ ಹಿಡಿಯುವ ಲಾರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರಕಿಗೆಂದೇ ಪ್ರತ್ಯೇಕ ಹಳಿ ಹಾಕುವುದು ಸರಿಯಾದ ಯೋಚನೆ ಎಂದೇ ನನ್ನ ಅನಿಸಿಕೆ. ಇಂಥ ಸರಕು ಹಳಿಗಳಲ್ಲಿ, ದೆಹಲಿ ಬಳಿಯ ದಾದ್ರಿಯಿಂದ ಮುಂಬಯಿ ಬಳಿಯ ಬಂದರಿನವರೆಗಿನ 1506 ಕಿಲೋಮೀಟರ್ ಉದ್ದದ ಪಶ್ಚಿಮ ಕಾರಿಡಾರಿಗೆ ಜಪಾನ್ ಸಾಲ ಕೊಟ್ಟಿತು, ಪೂರ್ವ ಕಾರಿಡಾರಿನ ಬಹುಭಾಗಕ್ಕೆ ವಿಶ್ವಬ್ಯಾಂಕ್. (ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್, ಅಂಕಿಯಲ್ಲಂತೂ ಒಂದು ಹೆಚ್ಚು!) ಇತ್ತ ನಮ್ಮನ್ನು ಕಡಲಿಗೆ ಜೋಡಿಸಬೇಕಾದ, ಸುಮಾರು 164 ಕಿಲೋಮೀಟರಿನ ಹುಬ್ಬಳ್ಳಿ–ಅಂಕೋಲಾ ಮಾರ್ಗ ತೊಂಬತ್ತರ ದಶಕದಿಂದಲೂ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯೆದುರು ನಿಂತಿದೆ, ಆ ಪ್ರಶ್ನೆ ಹಣದಿಂದಷ್ಟೇ ಬಗೆಹರಿಯುವಂಥದ್ದಲ್ಲ.

ಐವತ್ತೆಂಟನೆಯ ಡಬ್ಬಿಗೆ ಲೆಕ್ಕ ತಪ್ಪಿತು, ಅಷ್ಟರಲ್ಲಿ ನಮ್ಮ ಗಾಡಿಗೂ ಸಿಗ್ನಲ್ ಬಿತ್ತು.