ಬ್ಯಾಟರಿ ಕೆಳಗಿನ 15 ಅಂಕಿ
ಹಳೆಯ ಫೋನಿನ ಬ್ಯಾಟರಿ ತೆಗೆದರೆ ಅಂಟಿಸಿದ ಚೀಟಿಯಲ್ಲಿ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಸಿಮ್ ಬದಲಿಸಿದರೂ ಅದು ಹಾಗೇ ಇರುತ್ತದೆ. ಯಾಕೆಂದರೆ ಸಿಮ್ ಹೇಳುವುದು ಗ್ರಾಹಕ ಯಾರು ಅಂತ, ಐಎಂಇಐ ಹೇಳುವುದು ಸೆಟ್ ಯಾವುದು ಅಂತ. ಕಳ್ಳ ಹೊಸ ಸಿಮ್ ಹಾಕಿದರೂ ನೆಟ್‌ವರ್ಕ್ ಆ ಸೆಟ್ಟನ್ನು ತಡೆಯಬಹುದು.

ಸಿಮ್ ಇಲ್ಲದ, ಡಿಜಿಟಲ್‌ಗೆ ಮುಂಚಿನ ಅನಲಾಗ್ ಮೊಬೈಲ್ ಕಾಲದಲ್ಲಿ ಹಲವು ಕಡೆ ಫೋನಿನೊಳಗಿನ 32 ಬಿಟ್‌ನ ಇಎಸ್‌ಎನ್ (ಎಲೆಕ್ಟ್ರಾನಿಕ್ ಸರಣಿ ಸಂಖ್ಯೆ) ಮತ್ತು ಫೋನ್ ನಂಬರ್, ಎರಡೂ ಸೇರಿಯೇ ಗುರುತು. ಬಿಲ್ ಯಾರಿಗೆ ಅನ್ನುವುದೂ ಆ ಜೋಡಿಯ ಮೇಲೆಯೇ. ಆದರೆ ಆ ಜೋಡಿ ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತಿತ್ತು! ವಂಚಕರು ಅದನ್ನು ಹಿಡಿದು ಬೇರೆ ಫೋನಿಗೆ ತುಂಬಿ, ಯಾರದೋ ಲೆಕ್ಕದಲ್ಲಿ ಮಾತಾಡುತ್ತಿದ್ದರು.

ಕಳ್ಳನನ್ನು ತಡೆಯುವ ಸಂಖ್ಯೆಯೇ ನಮ್ಮ ಓಡಾಟವನ್ನೂ ಹಿಂಬಾಲಿಸಬಲ್ಲದು ಅಲ್ವಾ? ಇದು ನನ್ನನ್ನು ಕಾಡುತ್ತದೆ. ಆದರೂ ಇವತ್ತೇ ಫೋನಿನಲ್ಲಿ *#06# ಒತ್ತಿ, ಕಾಣುವ ನಿಮ್ಮ ಐಎಂಇಐ ಬರೆದಿಟ್ಟುಕೊಳ್ಳಿ.