ಒಂದೇ ಹೊಳ್ಳೆಯ ನೆಗಡಿ

ಅಕ್ಕಿ ಗಿರಣಿಗಳ ಊರಾದ ದಾವಣಗೆರೆಯಲ್ಲಿ ಮೂಗು ಸೋರಿದರೆ ಬೈಗುಳ ಮೊದಲು ಧೂಳಿಗೆ. ಮೊನ್ನೆ ಸೋಮವಾರ ವಸಡಿನ ವಿಭಾಗಕ್ಕೆ ಬಂದ ಹಮಾಲರೊಬ್ಬರೂ ಧೂಳನ್ನೇ ಬೈದರು. "ಮೂರು ತಿಂಗ್ಳಾತ್ರಿ ಸಾರ್. ಬಲಗಡೆ ಹೊಳ್ಳೆ ಒಂದೇ ಸೋರ್ತತಿ, ಕೆಟ್ಟ ವಾಸ್ನಿ. ಗುಳಿಗಿ ತಗಂಡಾಗ ನಿಲ್ತತಿ, ಬಿಟ್ರೆ ಮತ್ತೆ ಸುರು." ಧೂಳು ಹೊಳ್ಳೆ ಆರಿಸಿಕೊಂಡು ಹೋಗುವುದಿಲ್ಲ. ಒಂದೇ ಕಡೆ ಸೋರಿಕೆ, ಜೊತೆಗೆ ವಾಸನೆ ಎಂದರೆ ಬಾಯಿ ತೆರೆಸಲೇಬೇಕು.

ಮೇಲಿನ ದವಡೆಹಲ್ಲಿನ ಬೇರಿಗೂ ಕೆನ್ನೆಯೊಳಗಿನ ಸೈನಸ್ ಎಂಬ ಗಾಳಿಗೂಡಿಗೂ ನಡುವೆ ಇರುವುದು ತೆಳುವಾದ ಮೂಳೆ. ಕೆಲವರಲ್ಲಿ ಅದೂ ಇಲ್ಲ, ಬರೀ ಪೊರೆ. ಗೂಡಿನ ಬಾಗಿಲು ತೆರೆಯುವುದು ಮೂಗಿನೊಳಕ್ಕೆ.

ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ ನೋಡುವ ಪ್ರೋಬ್ ಮೊಂಡು ತುದಿಯ ಕಡ್ಡಿ, ಮೇಲೆ ಮಿಲಿಮೀಟರ್ ಗೆರೆಗಳು. ಉಗುರಿನಡಿ ಇಟ್ಟು ಒತ್ತಿದರೆ ಚರ್ಮ ಬಿಳಿಚಿಕೊಳ್ಳಬೇಕು, ನೋಯಬಾರದು, ಅಷ್ಟೇ ಬಲ. ಹಲ್ಲೊಂದಕ್ಕೆ ಆರು ಕಡೆ ಅಳತೆ. 3 ಮಿ.ಮೀ.ವರೆಗೆ ಚಿಂತೆಯಿಲ್ಲ. ಇವರ ಬಲಗಡೆಯ ಎರಡನೇ ದವಡೆಹಲ್ಲಿನ ಅಂಗುಳದ ಬದಿಯಲ್ಲಿ ಕಡ್ಡಿ 9ರ ಗೆರೆಯವರೆಗೂ ಇಳಿಯಿತು, ಹೊರಬರುವಾಗ ಹಿಂದೆಯೇ ಕೀವು. ಉಳಿದ ಕಡೆ ರಕ್ತ ತೀರಾ ಕಡಿಮೆ. ಬೀಡಿ ಸೇದುವವರಲ್ಲಿ ಹೀಗೇ: ಹೊಗೆ ರಕ್ತಸ್ರಾವವನ್ನು ಮರೆಮಾಚುತ್ತದೆ, ರೋಗ ತಡವಾಗಿ ಕಾಣುತ್ತದೆ.

ಮಂಜುಗಡ್ಡೆ ತಾಗಿಸಿದಾಗ ಹಲ್ಲು ಚುರುಕ್ ಎಂದಿತು. ಅಂದರೆ ಒಳನರಕ್ಕೆ ಜೀವವಿದೆ, ಹುಳುಕಿನಿಂದ ಬೇರಿನ ತುದಿಗಿಳಿದ ಸೋಂಕು ಇದಲ್ಲದಿರಬಹುದು. ಸ್ಕ್ಯಾನ್‌ನಲ್ಲಿ ಬೇರಿನ ಸುತ್ತ ಮೂಳೆ ಕರಗಿತ್ತು, ಸೈನಸ್ ನೆಲದ ಪೊರೆ 7 ಮಿ.ಮೀ. ಊದಿತ್ತು. 2 ದಾಟಿದರೇ ಅನುಮಾನ ಪಡಬೇಕು. ಗುಳಿಗೆ ಗೂಡಿನ ಕೀವನ್ನು ಒಣಗಿಸುತ್ತದೆ, ಅದನ್ನು ತುಂಬುವ ಹಲ್ಲಿಗೆ ಏನೂ ಮಾಡುವುದಿಲ್ಲ.

"ದಿನಾ ಉಜ್ತೀನಲ್ರಿ?" ಎಂದರು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಇಳಿಯಿತು. ಊತ ಹಾಗೆ ಮರಳುತ್ತದೆ, ಕರಗಿದ ಮೂಳೆ ಮರಳುವುದಿಲ್ಲ. ದಿನಾ ಉಜ್ಜಿದರೂ ಕೊನೆಯ ದವಡೆಹಲ್ಲಿನ ಒಳಬದಿಗೆ ಬ್ರಷ್ ಮುಟ್ಟಿಸುವವರೇ ಅಪರೂಪ. ಬಿರುಗೂದಲನ್ನು ವಸಡಿನಂಚಿಗೆ 45 ಡಿಗ್ರಿ ಓರೆ ಇಟ್ಟು ಅಲ್ಲೇ ಅಲುಗಿಸಬೇಕು, ಪಾತ್ರೆ ತಿಕ್ಕಿದಂತೆ ತಿಕ್ಕಬಾರದು.

ಹಲ್ಲು ಎಲ್ಲ ದಿಕ್ಕಿಗೂ ಅಲುಗುತ್ತಿತ್ತು, ಒತ್ತಿದರೆ ಮೇಲಕ್ಕೆ ಸರಿಯುತ್ತಿತ್ತು. ಉಳಿಸುವ ಮಾತಿರಲಿಲ್ಲ. ಕಿತ್ತ ಮೇಲೆ ಮೂಗು ಹಿಡಿದು ಜೋರಾಗಿ ಊದಿಸಿ ಸೈನಸ್‌ಗೆ ತೂತಾಗಿದೆಯೇ ಎಂದು ನೋಡುವ ರೂಢಿಯುಂಟು, ನಮಗೆ ಅದು ಒಪ್ಪಿಗೆಯಿಲ್ಲ. ಉಳಿದಿದ್ದ ಪೊರೆಯೂ ಆ ಒತ್ತಡಕ್ಕೆ ಹರಿದೀತು. 2 ಮಿ.ಮೀ. ಒಳಗಿನ ತೂತು ಹೆಪ್ಪುಗಟ್ಟಿದ ರಕ್ತದಿಂದಲೇ ಮುಚ್ಚುತ್ತದೆ. 5 ದಾಟಿದರೆ ವಸಡನ್ನು ಎಳೆದು ಮುಚ್ಚಬೇಕು. ಇವರಿಗೆ 8ರ ಆಕಾರದ ಒಂದು ಹೊಲಿಗೆ ಸಾಕಾಯಿತು.

ಎರಡು ವಾರ ಮೂಗು ಸೀಟಬಾರದು, ಸ್ಟ್ರಾದಲ್ಲಿ ಹೀರಬಾರದು, ಬೀಡಿ ಬೇಡ. ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು.

"ಮಂದಿ ನಡುವೆ ಬಾಯ್ತೆರೆದು ಹೆಂಗ್ರೀ?"

"ಟವೆಲ್ ಅಡ್ಡ ಹಿಡೀರಿ."