ಎರೆ ಹೊಲಕ್ಕೆ ಎಂಥ ಟಯರು?

ಉತ್ತರಿ ಮಳೆ ಎರಡು ದಿನ ಹೊಡೆದು ನಿಂತ ಮರುದಿನ ಮುಂಜಾನೆ ನಮ್ಮದೇ ಹೊಲದ ದಾರಿಯಲ್ಲಿ ನನ್ನ ಜೀಪು ಹೂತುಕೊಂಡಿತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಹಳೆಯ ಗಾಡಿ ಅದು. ಸಣ್ಣ ಗೇರಿಗೆ ಹಾಕಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಗಾಲಿಗಳು ತಿರುಗಿದವು, ಗಾಡಿ ಮುಂದೆ ಹೋಗದೆ ಬದುವಿನ ಕಡೆಗೆ ಅಡ್ಡ ಜಾರಿತು. ಇಳಿದು ನೋಡಿದರೆ ಟಯರಿನ ಹಲ್ಲುಗಳೇ ಕಾಣುತ್ತಿರಲಿಲ್ಲ. ನಾಲ್ಕು ಕರಿ ಉಂಡೆಗಳ ಮೇಲೆ ಜೀಪು ನಿಂತಂತಿತ್ತು.

ನಮ್ಮೂರು ತಾಳಿಕೋಟೆಯ ಕಡೆ, ಡೋಣಿ ಸೀಮೆಯಲ್ಲಿದೆ. ಇಲ್ಲಿನ ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಹಾಗೆ ಕುಡಿದ ನೀರನ್ನು ಬಿಟ್ಟುಕೊಡದೆ ಹಿಡಿದಿಡುವುದರಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆ ಮುಂದೆ ಹನಿ ಮಳೆ ಬೀಳದಿದ್ದರೂ ಬೆಳೆದು ನಿಲ್ಲುತ್ತವೆ. ಆ ಮಣ್ಣನ್ನು ನಾನು ಬೈಯಲಾರೆ. ಟಯರನ್ನು ಬೈದೆ. ಹೆದ್ದಾರಿಗೆಂದೇ ಮಾಡಿದ, ಸಣ್ಣ ಸಣ್ಣ ಗೀರುಗಳ ಟಯರುಗಳು ಅವು. ಹಲ್ಲು ಸವೆದು, ಗೀರಿನ ತಳದಲ್ಲಿರುವ ಸವೆತದ ಗುರುತಿಗೆ, ಅಂದರೆ 1.6 ಮಿಲಿಮೀಟರಿನ ಹತ್ತಿರಕ್ಕೆ ಬಂದಿದ್ದವು.

ಕಾಕಾ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಜೀಪನ್ನು ಗರಸಿನ, ಅಂದರೆ ಗಟ್ಟಿ ಕಲ್ಲುಮಣ್ಣಿನ, ರಸ್ತೆಗೆ ಎಳೆದು ಹಾಕಿದರು. ‘ನಾಳೆಯೇ ವಿಜಯಪುರಕ್ಕೆ ಹೋಗಿ ದೊಡ್ಡ ಹಲ್ಲಿನ ಟಯರು ಹಾಕಿಸುತ್ತೇನೆ ಕಾಕಾ’ ಎಂದೆ. ಅವರು ನನ್ನ ಪಾದದ ಕಡೆ ನೋಡಿದರು. ‘ಮೊದಲು ನಿನ್ನ ಚಪ್ಪಲಿ ನೋಡಿಕೋ ತಮ್ಮಾ’ ಎಂದರು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಂದೊಂದು ಚಪ್ಪಲಿಗೂ ಸೇರು ಮಣ್ಣು ಮೆತ್ತಿಕೊಂಡಿತ್ತು. ‘ನಿನ್ನ ಕಾಲಿಗೆ ಆದದ್ದೇ ಗಾಡಿಯ ಕಾಲಿಗೂ ಆಗಿದೆ. ಚಪ್ಪಲಿ ಹೊಸದಾದರೆ ಮಣ್ಣು ಹತ್ತುವುದಿಲ್ಲವೇನು?’

ಆಮೇಲೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಎರಡು ಹಲ್ಲುಗಳ ನಡುವೆ ಅಂಗೈ ಅಡ್ಡ ಇಟ್ಟು ತೋರಿಸಿದರು. ಬೆರಳು ಬಿಡಿಸಿದ ಅಂಗೈ ಸಲೀಸಾಗಿ ಕೂತಿತು. ಹಲ್ಲುಗಳು ಓರೆಯಾಗಿ ಅಂಚಿನವರೆಗೂ ಹೋಗುತ್ತವೆ, ಅವುಗಳ ನಡುವಿನ ದಾರಿ ಹೊರಗೆ ತೆರೆದುಕೊಂಡಿರುತ್ತದೆ. ಗಾಲಿ ಉರುಳಿದಂತೆ ಮಣ್ಣು ಅಲ್ಲಿಂದ ಹೊರಬೀಳಬೇಕು. ಅಷ್ಟಿದ್ದರೂ ಟ್ರ್ಯಾಕ್ಟರಿನ ಗಾಲಿಯಲ್ಲೂ ಅಂದು ಅರ್ಧ ಮಣ್ಣು ತುಂಬಿಯೇ ಇತ್ತು. ಅದನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದೆ.

ಮರುದಿನ ವಿಜಯಪುರದ ಒಂದು ಟಯರು ಅಂಗಡಿಗೆ ಹೋದಾಗ ಎದುರಿಗೇ ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟಯರು ನಿಲ್ಲಿಸಿದ್ದರು. ಗಟ್ಟಿ ಗಟ್ಟಿ ಹಲ್ಲು, ನಡುವೆ ಅಗಲ ಸಂದು, ಪಕ್ಕದ ಗೋಡೆಗೂ ಹಬ್ಬಿದ ಉಬ್ಬುಗಳು. ಆಸೆಯಾಯಿತು, ಮುಟ್ಟಿ ನೋಡಿದೆ. ಅಂಗಡಿಯ ಹುಡುಗ ನನ್ನ ಗಾಡಿಯ 215/75 ಆರ್ 15ರ ಬದಲು 235/75 ಆರ್ 15 ಹಾಕಿಸಿರಿ, ಗಾಡಿ ಎತ್ತರವಾಗುತ್ತದೆ ಎಂದ. ಅಲ್ಲಿಯೇ ಕಾಗದ ಕೇಳಿ ಲೆಕ್ಕ ಹಾಕಿದೆ. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ನನ್ನ ಟಯರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್, ಅವನು ಹೇಳಿದ್ದರದು 733. ಮೂವತ್ತು ಮಿಲಿಮೀಟರಿನಲ್ಲಿ ಗಾಡಿಯ ಅಚ್ಚು ಮೇಲೇಳುವುದು ಅರ್ಧ ಮಾತ್ರ, ಹದಿನೈದು. ಗೇಣುದ್ದ ಹೂಳುವ ಕೆಸರಿನಲ್ಲಿ ಹದಿನೈದು ಮಿಲಿಮೀಟರಿನಿಂದ ಏನಾಗಬೇಕು? ಅತ್ತ ಮೀಟರಿನ ಮುಳ್ಳು 80 ತೋರಿಸುವಾಗ ಗಾಡಿ 83ರ ಮೇಲೆ ಓಡುತ್ತಿರುತ್ತದೆ. ದೊಡ್ಡ ಗಾಲಿಯನ್ನು ತಿರುಗಿಸಲು ಎಂಜಿನ್ ಹೆಚ್ಚು ದುಡಿಯಬೇಕು, ಸ್ಟಿಯರಿಂಗ್ ತಿರುಗಿಸಿದಾಗ ಟಯರು ಮಡ್‌ಗಾರ್ಡಿನ ಒಳಗೆ ಉಜ್ಜದಂತೆ ನೋಡಿಕೊಳ್ಳಬೇಕು.

ಖಾನಾಪುರದ ಗೆಳೆಯನೊಬ್ಬನ ಗಾಡಿಗೆ ಮಡ್ ಟೆರೇನ್ ಟಯರುಗಳೇ ಇವೆ, ಅವನಿಗೆ ಅವು ತಕ್ಕವೂ ಹೌದು. ಜಾಂಬೋಟಿ, ಕಣಕುಂಬಿಯ ಕಡೆ ಮಳೆ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ಅಲ್ಲಿನದು ಕೆಂಪು ಮಣ್ಣು, ಮೇಲಿನ ಕೆಸರಿನ ಕೆಳಗೆ ಜಂಬಿಟ್ಟಿಗೆ, ಕಲ್ಲು ಸಿಗುತ್ತದೆ. ಹಲ್ಲು ಕೆಸರನ್ನು ಸೀಳಿ ಆ ಗಟ್ಟಿ ತಳವನ್ನು ಹಿಡಿಯುತ್ತದೆ, ಗಾಲಿಯ ವೇಗಕ್ಕೆ ಕೆಸರು ಹೊರಗೆ ಸಿಡಿಯುತ್ತದೆ. ನಮ್ಮ ಎರೆಗೆ ಹತ್ತಿರದಲ್ಲಿ ತಳವೇ ಇಲ್ಲ. ಗಾಲಿ ತಿರುಗಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಇನ್ನೊಂದು ಲೆಕ್ಕ ನನ್ನ ಕಿಸೆಯ ಡೈರಿಯಲ್ಲಿತ್ತು. ಹಿಂದಿನ ತಿಂಗಳು ಜೀಪು ಓಡಿದ್ದು 1,140 ಕಿಲೋಮೀಟರ್. ಮನಗೂಳಿ, ಹೂವಿನ ಹಿಪ್ಪರಗಿಯ ಮೇಲಿನ ಡಾಂಬರು ರಸ್ತೆಯದೇ ದೊಡ್ಡ ಪಾಲು, ಆಮೇಲೆ ಗರಸಿನ ದಾರಿ. ಹೊಲದ ಮಣ್ಣು 40 ಕಿಲೋಮೀಟರ್ ಕೂಡ ಇರಲಿಲ್ಲ. ಮಡ್ ಟೆರೇನ್ ಟಯರು ಡಾಂಬರಿನ ಮೇಲೆ ಗುಂಯ್ಗುಡುತ್ತದೆ, ಬೇಗ ಸವೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಒದ್ದೆ ರಸ್ತೆಯ ಬ್ರೇಕು: ಹಲ್ಲುಗಳ ನಡುವೆ ಸಂದು ದೊಡ್ಡದಾದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಹಿಂದಿನ ಸೀಟಿನಲ್ಲಿ ಅವ್ವ ಕೂತಿರುತ್ತಾಳೆ.

ಕಾರ್ಖಾನೆಯ ಅಳತೆಯಲ್ಲೇ ಆಲ್ ಟೆರೇನ್ ಟಯರು ಕೇಳಿದೆ. ಡಾಂಬರು, ಗರಸು, ಕಲ್ಲುದಾರಿ ಮೂರಕ್ಕೂ ಒಗ್ಗುವ ನಡುವಿನ ಜಾತಿ ಅದು. ಪಕ್ಕದ ಗೋಡೆಯ ಮೇಲಿನ ಬರಹವನ್ನು ಕುಕ್ಕರುಗಾಲಿನಲ್ಲಿ ಕೂತು ಓದಿದೆ. ಅಳತೆಯ ಪಕ್ಕದಲ್ಲಿರುವ ಭಾರದ ಸೂಚ್ಯಂಕ 100 ಎಂದಿದ್ದರೆ ಒಂದು ಟಯರು 800 ಕಿಲೋ ಭಾರ ಹೊರಬಲ್ಲದು. ಬೀಜ, ಗೊಬ್ಬರ ಹೇರುವ ನನಗೆ ಅದು ಬೇಕೇ ಬೇಕು. ತಯಾರಾದ ದಿನ ನಾಲ್ಕು ಅಂಕಿಗಳಲ್ಲಿರುತ್ತದೆ: 2321 ಎಂದಿದ್ದರೆ 2021ರ 23ನೇ ವಾರ. ಅಗ್ಗಕ್ಕೆ ಕೊಡುತ್ತೇವೆಂದು ತೆಗೆದ ಜೋಡಿಯ ಮೇಲೆ ನಾಲ್ಕು ವರ್ಷದ ಹಿಂದಿನ ಅಂಕಿ ಇತ್ತು, ಬೇಡವೆಂದೆ. ಇನ್ನೊಂದು ಜೋಡಿ ಹೊಸದಾಗಿ ಬಂದದ್ದಿತ್ತು; ಉಳಿದ ಎರಡಕ್ಕಾಗಿ ಮೂರು ದಿನ ಕಾದೆ. ಜೊತೆಗೆ ಗಾಳಿಯ ಮಾಪಕ, ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು ಕೊಂಡೆ. ಮೆತ್ತನೆಯ ನೆಲದಲ್ಲಿ ಗಾಳಿಯನ್ನು 20 ಪಿಎಸ್‌ಐವರೆಗೆ ಇಳಿಸಿದರೆ ಟಯರು ಅಗಲವಾಗಿ ಹರಡಿ ಭಾರ ಹಂಚಿಕೊಳ್ಳುತ್ತದೆ. ರಸ್ತೆಗೆ ಬಂದೊಡನೆ ಮತ್ತೆ ತುಂಬಬೇಕು, ಇಲ್ಲದಿದ್ದರೆ ಟಯರು ಕಾಯ್ದು ಹಾಳಾಗುತ್ತದೆ.

ಹೊಸ ಟಯರಿನ ಗಾಡಿ ಊರಿಗೆ ಬಂದಾಗ ಹಸ್ತ ಮಳೆ ಒಂದು ಸಲ ಬಿದ್ದಿತ್ತು. ಜೀಪನ್ನು ಹನುಮಪ್ಪನ ಗುಡಿಯ ಮುಂದಿನ ಗರಸಿನ ಮೇಲೆ ನಿಲ್ಲಿಸಿದೆ. ಎರಡು ದಿನ ಅದು ಅಲ್ಲೇ ನಿಂತಿತ್ತು. ನಾನೂ ಕಾಕಾನೂ ಬರಿಗಾಲಲ್ಲಿ ಹೊಲಕ್ಕೆ ಹೋಗಿ ಬಂದೆವು.

ಮೂರನೆಯ ದಿನ ಬಿಸಿಲೇರಿದ ಮೇಲೆ ಕಾಕಾ ಹೊಲದ ದಾರಿಯ ಬಾಯಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಹಿಸುಕಿದರು. ಉಂಡೆಯಾಯಿತು. ಬೊಟ್ಟಿನಿಂದ ಒತ್ತಿದರು, ಉದುರಿತು. ‘ಹದ ಬಂತು’ ಎಂದರು. ನಾನು ನಾಲ್ಕೂ ಟಯರಿನ ಗಾಳಿ ಇಳಿಸಿದೆ. ಹಿಂದೆ ಬಿಳಿಜೋಳದ ಬೀಜದ ಚೀಲಗಳಿದ್ದವು, ಮೇಲೆ ಕೂರಿಗೆ. ಕಾಕಾ ಮುಂದೆ ಮುಂದೆ ನಡೆಯುತ್ತ, ಎಲ್ಲಿ ಹಸಿ ಉಳಿದಿದೆಯೋ ಅಲ್ಲಿ ಕೈ ಅಡ್ಡ ಹಿಡಿದು ಪಕ್ಕಕ್ಕೆ ಕರೆಯುತ್ತಿದ್ದರು. ಅವರ ಹೆಜ್ಜೆಯ ಗುರುತಿನ ಮೇಲೆಯೇ ಗಾಲಿ ಇಟ್ಟು ಹೊಲದ ಬದುವಿನವರೆಗೆ ಹೋದೆ.